ನಾಲ್ಕು ಔಷಧಿ, ಒಳಗೆ ಅದದೇ: ದೊಡ್ಡಪ್ಪನ ಶೀತ ಆಸ್ಪತ್ರೆ ತಲುಪಿದ್ದು ಹೇಗೆ

ರಾತ್ರಿ ಹನ್ನೊಂದೂವರೆಗೆ ಅಣ್ಣನ, ಅಂದರೆ ದೊಡ್ಡಪ್ಪನ ಮಗನ ಫೋನ್ ಬಂತು. "ಅಪ್ಪಂಗೆ ಮಧ್ಯಾಹ್ನದಿಂದ ಒಂದಕ್ಕೆ ಹೋಗೋಕಾಗ್ತಿಲ್ಲ. ಹೊಟ್ಟೆ ಕೆಳಗೆ ಗಟ್ಟಿಯಾಗಿ ಉಬ್ಬಿದೆ, ಮುಟ್ಟೋಕೂ ಬಿಡ್ತಿಲ್ಲ. ಮಾತೂ ಸ್ವಲ್ಪ ತೊದಲ್ತಾ ಇದೆ" ಅಂದ. ಮಾತು ತೊದಲ್ತಾ ಇದೆ ಅಂದ ಕೂಡಲೇ ನನಗೆ ಪಾರ್ಶ್ವವಾಯುವಿನ ಭಯ. ಮುಖ ಒಂದು ಕಡೆ ಸೊಟ್ಟಗಾಗಿದೆಯಾ ನೋಡು, ಎರಡೂ ಕೈ ಎತ್ತಿಸು ಅಂದೆ. ಎತ್ತಿದರು. ಆದರೂ ಬೆಳಗಿನವರೆಗೆ ಕಾಯಬೇಡಿ, ಈಗಲೇ ಶಿವಮೊಗ್ಗಕ್ಕೆ ಕರೆದುಕೊಂಡು ಬನ್ನಿ ಎಂದು ಹೇಳಿ ಕೊನೆಗೆ ಕೇಳಿದೆ: ಹೊಸದಾಗಿ ಏನಾದರೂ ಮಾತ್ರೆ ತಗೊಂಡಿದ್ದಾರಾ?

"ಇಲ್ಲ, ಏನೂ ಇಲ್ಲ. ಶೀತದ್ದು ಅಷ್ಟೇ."

ನಾನು ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಫಾರ್ಮಸಿಸ್ಟ್. "ಶೀತದ್ದು ಅಷ್ಟೇ" ಎನ್ನುವ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಎಲ್ಲ ಲೆಕ್ಕಕ್ಕೆ ಬರುತ್ತವೆ, ಶೀತದ ಮಾತ್ರೆ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆವತ್ತು ನಮ್ಮ ಮನೆಯಲ್ಲೇ ಹಾಗಾಯಿತು. ದೊಡ್ಡಪ್ಪನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು ಬೇಡ ಅಂದುಕೊಂಡೆ. ಉಳಿದದ್ದೆಲ್ಲ ನಡೆದ ಹಾಗೇ ಇದೆ.

ದೊಡ್ಡಪ್ಪನಿಗೆ 69 ವರ್ಷ. ಸಾಗರದ ಕಡೆ ಅಡಿಕೆ ತೋಟ. ತೂಕ 49 ಕೆ.ಜಿ., ಒಣಕಲು ಮೈ, ಇವತ್ತಿಗೂ ದಿನಕ್ಕೆ ಎರಡು ಸಲ ತೋಟ ಸುತ್ತುತ್ತಾರೆ. ಬಿಪಿಗೆ ಆಮ್ಲೊಡಿಪಿನ್ 5 ಮಿ.ಗ್ರಾಂ. ದಿನಾ ಒಂದು, ಅದನ್ನು ತಪ್ಪಿಸುವುದಿಲ್ಲ. ಎರಡು ವರ್ಷದ ಹಿಂದೆ ರಾತ್ರಿ ನಾಲ್ಕೈದು ಸಲ ಎದ್ದು ಹೋಗಬೇಕಾಗುತ್ತಿತ್ತು. ಆಗ ಸ್ಕ್ಯಾನ್ ಮಾಡಿಸಿದರೆ ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಅಂತ ಗೊತ್ತಾಯಿತು. ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಕೊಟ್ಟರು, ಆರು ತಿಂಗಳು ತಗೊಂಡರು, ಸರಿಯಾಯ್ತಲ್ಲ ಅಂತ ತಾವೇ ನಿಲ್ಲಿಸಿದರು. ಇದು ಮನೆಯಲ್ಲಿ ದೊಡ್ಡಮ್ಮನನ್ನು ಬಿಟ್ಟು ಯಾರಿಗೂ ನೆನಪಿರಲಿಲ್ಲ.

ಡಿಸೆಂಬರ್ ತಿಂಗಳು. ಕೊನೆಕೊಯ್ಲು ಜೋರಾಗಿ ನಡೆದಿತ್ತು. ಹಗಲೆಲ್ಲ ಅಡಿಕೆ ಸುಲಿಯುವ ಗದ್ದಲ, ಸಂಜೆ ಬೇಯಿಸುವ ಒಲೆಯ ಹೊಗೆ, ಬೆಳಗ್ಗೆ ಇಬ್ಬನಿ. ದೊಡ್ಡಪ್ಪನಿಗೆ ಧೂಳಿನ ಅಲರ್ಜಿ ಮೊದಲಿಂದಲೂ ಇದೆ. ಪ್ರತಿ ವರ್ಷ ಈ ಸಮಯದಲ್ಲಿ ರಾತ್ರಿ ಲೆವೊಸೆಟಿರಿಜಿನ್ ಮತ್ತು ಮಾಂಟೆಲುಕಾಸ್ಟ್ ಸೇರಿದ ಒಂದು ಮಾತ್ರೆ ತಗೊಳ್ಳುತ್ತಾರೆ. ಅದರ ಮೇಲೆ ಭಾನುವಾರ ಶೀತ ಶುರುವಾಯಿತು. ಮೂಗು ಸೋರುವುದು, ಮೈಕೈ ನೋವು, ಸಣ್ಣ ಜ್ವರ. ಸೋಮವಾರ ಬೆಳಗ್ಗೆ ಪೇಟೆಗೆ ಹೊರಟಿದ್ದ ಕೆಲಸದ ಹುಡುಗನ ಹತ್ತಿರ "ಶೀತಕ್ಕೂ ಕೆಮ್ಮಿಗೂ ಏನಾದ್ರೂ ತಗೊಂಡು ಬಾ" ಎಂದು ದುಡ್ಡು ಕೊಟ್ಟರು. ಹುಡುಗ ಮೆಡಿಕಲ್ ಶಾಪಿನಲ್ಲಿ ಅಷ್ಟನ್ನೇ ಹೇಳಿದ. ಯಾರಿಗೆ, ವಯಸ್ಸೆಷ್ಟು, ಬೇರೆ ಕಾಯಿಲೆ ಇದೆಯಾ ಅಂತ ಅಲ್ಲಿ ಕೇಳಲಿಲ್ಲ, ಇವನಿಗೆ ಹೇಳಬೇಕು ಅಂತ ಗೊತ್ತೂ ಇರಲಿಲ್ಲ. ಒಂಬತ್ತು ಮಾತ್ರೆ, ಒಂದು ಬಾಟಲಿ ಸಿರಪ್ ಬಂತು. ಅದೇ ದಿನ ಅಣ್ಣ ಬೇರೆ ಅಂಗಡಿಯಿಂದ ಮೈಕೈ ನೋವಿಗೆ ಅಂತ 650ರ ಮಾತ್ರೆ ತಂದ. ಅಣ್ಣನಿಗೆ ಹುಡುಗ ತಂದದ್ದು ಗೊತ್ತಿಲ್ಲ, ಹುಡುಗನಿಗೆ ಅಣ್ಣ ತಂದದ್ದು ಗೊತ್ತಿಲ್ಲ.

ಸೋಮವಾರ, ಮಂಗಳವಾರ ಎರಡೂ ದಿನ ಹೀಗೇ ನಡೆಯಿತು. ಶೀತದ ಮಾತ್ರೆ ಮೂರು ಹೊತ್ತು. ಕೆಮ್ಮಿನ ಸಿರಪ್ ಮೂರು ಹೊತ್ತು, ಮುಚ್ಚಳ ತುಂಬ. ಆ ಮುಚ್ಚಳವನ್ನು ಆಮೇಲೆ ಅಳೆದೆ, ಸರಿಯಾಗಿ 10 ಮಿ.ಲೀ. ಹಿಡಿಯುತ್ತದೆ. 650ರ ಮಾತ್ರೆ ದಿನಕ್ಕೆ ನಾಲ್ಕು. ರಾತ್ರಿ ಅಲರ್ಜಿಯ ಮಾತ್ರೆ ಯಥಾಪ್ರಕಾರ. ಮಂಗಳವಾರ ಮಧ್ಯಾಹ್ನ ಒಲೆಯ ಹತ್ತಿರ ಕೂತಲ್ಲೇ ತೂಕಡಿಸಿದರು. ಸಂಜೆ ಮೊಮ್ಮಗಳನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಜ್ವರದ ಆಯಾಸ ಅಂತ ಎಲ್ಲರೂ ಸುಮ್ಮನಾದರು. ಬಾಯಿ ಒಣಗುತ್ತೆ ಅಂತ ಚೊಂಬುಗಟ್ಟಲೆ ನೀರು ಕುಡಿದರು. ಬುಧವಾರವೂ ಅದೇ ಔಷಧಿ. ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಕಾಲು ತಪ್ಪಿತು, ಕಂಬ ಹಿಡಿದುಕೊಂಡರು. ಮಧ್ಯಾಹ್ನದ ಮೇಲೆ ಒಂದು ಹನಿಯೂ ಹೋಗಲಿಲ್ಲ. ನಾಚಿಕೆಗೆ ರಾತ್ರಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಗೆ ಬಂದಾಗ ಒಂದೂಕಾಲು. ಬಿಪಿ 178/100. ನಾಲಿಗೆ ಒಣಗಿ ಅಂಟಿಕೊಂಡಿತ್ತು, ಮಾತು ತೊದಲುತ್ತಿದ್ದದ್ದು ಅದಕ್ಕೇ. ಇವತ್ತು ಯಾವ ವಾರ ಅಂತ ಡಾಕ್ಟರ್ ಕೇಳಿದರೆ ಬಹಳ ಹೊತ್ತು ಯೋಚಿಸಿ ಶನಿವಾರ ಅಂದರು. ಪಾರ್ಶ್ವವಾಯು ಅಲ್ಲ ಎಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಂಡರು. ಮೂತ್ರ ತೆಗೆಯುವ ನಳಿಕೆ, ಅಂದರೆ ಕ್ಯಾತಿಟರ್ ಹಾಕಿದ ಮೇಲೆ ಚೀಲದಲ್ಲಿ ಬಂದ ಮೂತ್ರ 900 ಮಿ.ಲೀ. ಸಾಮಾನ್ಯವಾಗಿ 400-500 ತುಂಬುವ ಹೊತ್ತಿಗೆ ತಡೆಯೋಕಾಗದೆ ಎದ್ದು ಓಡುತ್ತೇವೆ. ಅದರ ಸುಮಾರು ಎರಡರಷ್ಟನ್ನು ಹೊತ್ತುಕೊಂಡು ಮಲೆನಾಡಿನ ರಸ್ತೆಯಲ್ಲಿ ಕಾರಿನಲ್ಲಿ ಕೂತು ಬಂದಿದ್ದರು. ಚೀಲ ತುಂಬುತ್ತಿದ್ದ ಹಾಗೆ ಅವರ ಮುಖ ಸಡಿಲವಾದದ್ದು ನನಗೆ ಮರೆಯುವುದಿಲ್ಲ. ಒಂದು ಗಂಟೆ ಕಳೆದು ಬಿಪಿ ನೋಡಿದರೆ 150ಕ್ಕೆ ಇಳಿದಿತ್ತು.

ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿ ತನ್ನಿ ಎಂದು ಫೋನಿನಲ್ಲೇ ಹೇಳಿದ್ದೆ. ಆಸ್ಪತ್ರೆಗೆ ಹೊರಡುವ ಎಲ್ಲರೂ ಈ ಒಂದು ಕೆಲಸ ಮಾಡಿದರೆ ಡಾಕ್ಟರುಗಳಿಗೆ ಅರ್ಧ ದಾರಿ ಸಿಕ್ಕ ಹಾಗೆ. ಬೆಳಗಿನ ಜಾವ ನಾಲ್ಕಕ್ಕೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಆ ಚೀಲ ಸುರಿದೆ. ಶೀತದ ಮಾತ್ರೆ ಇದ್ದದ್ದು ಕಾಗದದ ಸಣ್ಣ ಕವರಿನಲ್ಲಿ, ಮೇಲೆ ಪೆನ್ನಿನಲ್ಲಿ 1-1-1 ಎಂದು ಬರೆದಿತ್ತು. ಒಳಗೆ ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪು. ಹತ್ತರ ಸ್ಟ್ರಿಪ್ಪಿನಿಂದ ಒಂಬತ್ತು ಕೊಟ್ಟಿದ್ದರು, ಅಂಗಡಿಯಲ್ಲಿ ಉಳಿದ ಆ ಒಂದು ಮಾತ್ರೆಯ ಜೊತೆಗೇ ಹೆಸರು ಬರೆದ ಮೂಲೆಯೂ ಹೋಗಿತ್ತು. ಹಿಂದುಗಡೆ ಹೊಳೆಯುವ ಹಾಳೆಯ ಮೇಲೆ, ಮಾತ್ರೆ ಒತ್ತಿ ತೆಗೆದಲ್ಲೆಲ್ಲ ಹರಿದು, ಅಕ್ಕಿ ಕಾಳಿನ ಕಾಲು ಭಾಗದಷ್ಟು ಅಕ್ಷರ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಂಡು ತುಂಡು ತುಂಡಾಗಿ ಜೋಡಿಸಿ ಓದಬೇಕಾಯಿತು: ಪ್ಯಾರಾಸಿಟಮಾಲ್ 500, ಫಿನೈಲ್‌ಎಫ್ರಿನ್ 10, ಕ್ಲೋರ್‌ಫೆನಿರಮಿನ್ 2.

ಸಿರಪ್ ಬಾಟಲಿಯ ಮೇಲೆ ಪ್ರತಿ 5 ಮಿ.ಲೀ.ಗೆ ಕೆಮ್ಮು ತಡೆಯುವ ಡೆಕ್ಸ್ಟ್ರೊಮೆಥಾರ್ಫನ್ 10, ಫಿನೈಲ್‌ಎಫ್ರಿನ್ 5, ಕ್ಲೋರ್‌ಫೆನಿರಮಿನ್ 2 ಎಂದಿತ್ತು. 650ರ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಅಲ್ಲದೆ ಬೇರೇನೂ ಇಲ್ಲ.

ಈಗ ಕೂಡಿಸಿ ನೋಡಿ. ಪ್ಯಾರಾಸಿಟಮಾಲ್: ಶೀತದ ಮಾತ್ರೆಯಿಂದ 1500, 650ರ ನಾಲ್ಕು ಮಾತ್ರೆಯಿಂದ 2600, ಒಟ್ಟು ದಿನಕ್ಕೆ 4100 ಮಿ.ಗ್ರಾಂ. ಆರೋಗ್ಯವಾಗಿರುವ ದೊಡ್ಡವರಿಗೆ 24 ಗಂಟೆಗೆ ಮೇಲಿನ ಮಿತಿಯೇ 4000, ಐವತ್ತು ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ಅದಕ್ಕಿಂತ ಕಡಿಮೆ ಇರಬೇಕು. ಕ್ಲೋರ್‌ಫೆನಿರಮಿನ್: ಮಾತ್ರೆಯಿಂದ 6, ಸಿರಪ್ಪಿನಿಂದ 12, ಒಟ್ಟು 18 ಮಿ.ಗ್ರಾಂ. ವಯಸ್ಸಾದವರಿಗೆ ದಿನಕ್ಕೆ 12 ದಾಟಬಾರದು ಎಂದು ಬ್ರಿಟನ್ನಿನ ಔಷಧ ಕೈಪಿಡಿ ಹೇಳುತ್ತದೆ. ಅಮೆರಿಕದ ವೃದ್ಧಾರೋಗ್ಯ ತಜ್ಞರ ಸಂಘವಂತೂ 65 ದಾಟಿದವರಿಗೆ ಈ ಹಳೇ ಗುಂಪಿನ ಅಲರ್ಜಿ ಔಷಧಿಯೇ ಬೇಡ ಎನ್ನುತ್ತದೆ. ಫಿನೈಲ್‌ಎಫ್ರಿನ್: ಎರಡರಿಂದಲೂ 30-30, ಒಟ್ಟು 60. ಇಷ್ಟರ ಮೇಲೆ ರಾತ್ರಿಯ ಲೆವೊಸೆಟಿರಿಜಿನ್, ಅದೂ ಅಲರ್ಜಿ ಔಷಧಿಯೇ, ಅದಕ್ಕೂ ನಿದ್ದೆ ತರಿಸುವ ಗುಣ ಇದೆ.

ದೊಡ್ಡಪ್ಪನ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ ಲೆಕ್ಕ. ಶೀತಕ್ಕೊಂದು, ಕೆಮ್ಮಿಗೊಂದು, ಮೈಕೈ ನೋವಿಗೊಂದು, ಅಲರ್ಜಿಗೊಂದು. ನಾಲ್ಕು ತೊಂದರೆ, ನಾಲ್ಕು ಔಷಧಿ, ಒಂದಕ್ಕೊಂದು ಸಂಬಂಧ ಇಲ್ಲ. ಯಾರಾದರೂ ಹಾಗೇ ಯೋಚಿಸುತ್ತಾರೆ, ಅಲ್ವಾ? ಆದರೆ ಮೈಯೊಳಗೆ ಹೋದ ಮೇಲೆ ಸಿರಪ್ಪಿನ ಕ್ಲೋರ್‌ಫೆನಿರಮಿನ್ ಬೇರೆ, ಮಾತ್ರೆಯ ಕ್ಲೋರ್‌ಫೆನಿರಮಿನ್ ಬೇರೆ ಅಂತ ಇಲ್ಲ. ಎಷ್ಟು ಮಾತ್ರೆ ನುಂಗಿದೆವು ಎಂದು ಎಣಿಸಿದರೆ ಸಾಲದು, ಅವುಗಳೊಳಗಿನ ಔಷಧಿಯನ್ನು ಎಣಿಸಬೇಕು. ನಾನು ಇಡೀ ಬರಹದಲ್ಲಿ ಹೇಳೋಕೆ ಹೊರಟಿರುವುದು ಇಷ್ಟೇ.

ಮಾರನೇ ದಿನ ಸ್ವಲ್ಪ ತಿಳಿಯಾದ ಮೇಲೆ ದೊಡ್ಡಪ್ಪ ಕೇಳಿದರು: "ಅಲ್ಲ ಮಾರಾಯ್ತಿ, ಮೂಗಿನ ಮಾತ್ರೆಗೂ ಒಂದಕ್ಕೆ ಹೋಗೋದಕ್ಕೂ ಏನು ಸಂಬಂಧ?" ಒಳ್ಳೆಯ ಪ್ರಶ್ನೆ. ಅವರಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ.

ಕ್ಲೋರ್‌ಫೆನಿರಮಿನ್ ಮೂಗು ಸೋರುವುದನ್ನು ನಿಲ್ಲಿಸುತ್ತದೆ. ಆದರೆ ಅದಕ್ಕೆ ಮೂಗು ಯಾವುದು, ಬಾಯಿ ಯಾವುದು ಅಂತ ಗೊತ್ತಿಲ್ಲ. ಬಾಯಿ ಒಣಗಿಸುತ್ತದೆ, ಕಣ್ಣು ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ಮೂತ್ರಕೋಶ ಹಿಂಡಿಕೊಂಡು ಖಾಲಿಯಾಗಬೇಕಲ್ಲ, ಆ ಹಿಂಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಮಿದುಳಿಗೂ ಸುಲಭವಾಗಿ ಹೋಗುತ್ತದೆ, ಅದಕ್ಕೇ ತೂಕಡಿಕೆ, ವಯಸ್ಸಾದವರಲ್ಲಿ ಗೊಂದಲ. ಒಂದು ಡೋಸ್ ಅರ್ಧಕ್ಕೆ ಇಳಿಯೋಕೆ ಸುಮಾರು 20 ಗಂಟೆ ಬೇಕು. ಮೂರು ಹೊತ್ತು ತಗೊಳ್ಳುತ್ತಾ ಹೋದರೆ ಹಿಂದಿನದರ ಮೇಲೆ ಇನ್ನೊಂದು ಕೂತುಕೊಳ್ಳುತ್ತದೆ. ಮೊದಲ ದಿನ ಏನೂ ಆಗದೆ ಮೂರನೇ ದಿನ ಕೆಟ್ಟದ್ದು ಹಾಗಾಗಿಯೇ.

ಫಿನೈಲ್‌ಎಫ್ರಿನ್ ಇರುವುದು ಮೂಗಿನೊಳಗಿನ ರಕ್ತನಾಳ ಬಿಗಿ ಮಾಡಿ ಕಟ್ಟಿದ ಮೂಗು ಬಿಡಿಸಲಿ ಅಂತ. ಅದೇ ಬಿಗಿ ಮಾಡುವ ಗುಣ ಪ್ರಾಸ್ಟೇಟಿನ ಸ್ನಾಯುವಿನ ಮೇಲೂ, ಮೂತ್ರಕೋಶದ ಕುತ್ತಿಗೆಯ ಮೇಲೂ ಕೆಲಸ ಮಾಡಬಲ್ಲದು. ದೊಡ್ಡಪ್ಪ ಬಿಟ್ಟಿದ್ದ ಟ್ಯಾಮ್ಸುಲೋಸಿನ್ ಮಾಡುವುದು ಇದರ ಪೂರ್ತಿ ವಿರುದ್ಧ ಕೆಲಸ, ಆ ಸ್ನಾಯುವನ್ನು ಸಡಿಲ ಬಿಡುವುದು. ಅಂದರೆ ಮೊದಲೇ ಕಿರಿದಾಗಿದ್ದ ಬಾಗಿಲು, ಅದನ್ನು ತೆರೆದಿಡುತ್ತಿದ್ದ ಮಾತ್ರೆ ನಿಂತಿದೆ, ಮುಚ್ಚುವ ಮಾತ್ರೆ ಬಂದಿದೆ, ಒಳಗಿನಿಂದ ತಳ್ಳುವ ಶಕ್ತಿಯೂ ಕುಗ್ಗಿದೆ.

ಬಿಪಿ 178 ಆದದ್ದು ಫಿನೈಲ್‌ಎಫ್ರಿನ್‌ನಿಂದಲೇ ಎಂದು ನಾನು ಹೇಳುವುದಿಲ್ಲ. ಮೂತ್ರ ಕಟ್ಟಿದ ನೋವಿಗೂ ಬಿಪಿ ಅಷ್ಟು ಏರುತ್ತದೆ, ಕ್ಯಾತಿಟರ್ ಹಾಕಿದ ಮೇಲೆ ಇಳಿಯಿತು ಕೂಡ. ಆದರೂ ಬಿಪಿ ಇರುವವರು ಡಾಕ್ಟರನ್ನು ಕೇಳದೆ ಇದನ್ನು ತಗೊಳ್ಳಬಾರದು. ನನಗೆ ಜಾಸ್ತಿ ಬೇಸರ ಆಗುವುದು ಇನ್ನೊಂದು ವಿಷಯಕ್ಕೆ. ಬಾಯಿಂದ ತಗೊಂಡ ಫಿನೈಲ್‌ಎಫ್ರಿನ್‌ನ ದೊಡ್ಡ ಪಾಲು ಕರುಳು, ಲಿವರ್‌ನಲ್ಲೇ ಕರಗಿಹೋಗುತ್ತದೆ, ಮೂಗಿನವರೆಗೆ ತಲುಪುವುದು ಬಹಳ ಕಡಿಮೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಇದು ಕಟ್ಟಿದ ಮೂಗಿಗೆ ಕೆಲಸ ಮಾಡುವುದಿಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ನವೆಂಬರ್‌ನಲ್ಲಿ ಮೂಗು ಕಟ್ಟಿದ್ದಕ್ಕೆ ಡಾಕ್ಟರ ಚೀಟಿಯಿಲ್ಲದೆ ಮಾರುವ ಔಷಧಿಗಳಲ್ಲಿ ಇದಕ್ಕಿರುವ ಅನುಮತಿಯನ್ನೇ ತೆಗೆದುಹಾಕುವ ಪ್ರಸ್ತಾವವನ್ನು ಎಫ್‌ಡಿಎ ಮುಂದಿಟ್ಟಿತು. ನಮ್ಮಲ್ಲಿ ಶೀತದ ಮಾತ್ರೆ ತಿರುವಿ ನೋಡಿದರೆ ಇವತ್ತಿಗೂ ಬಹಳಷ್ಟರಲ್ಲಿ ಅದು ಇದೆ.

ಪ್ಯಾರಾಸಿಟಮಾಲ್ ವಿಷಯದಲ್ಲಿ ದೊಡ್ಡಪ್ಪ ಪಾರಾದರು. ಲಿವರ್ ಪರೀಕ್ಷೆ ಆ ರಾತ್ರಿ ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿದರು, ಎರಡೂ ಸರಿಯಾಗಿದ್ದವು. ಎರಡನೇ ಸಲ ಯಾಕೆ ಅಂತ ಅಣ್ಣ ಕೇಳಿದ. ಪ್ಯಾರಾಸಿಟಮಾಲ್ ಜಾಸ್ತಿಯಾದಾಗ ಮೊದಲ ದಿನ ಹೆಚ್ಚೇನೂ ಗೊತ್ತಾಗದೇ ಇರಬಹುದು, ಲಿವರಿಗೆ ಪೆಟ್ಟು ಬಿದ್ದದ್ದು ಒಂದೆರಡು ದಿನ ಕಳೆದು ಕಾಣಿಸುತ್ತದೆ. ಅದಕ್ಕೆ ಮದ್ದು ಇದೆ, ಆದರೆ ಬೇಗ ಕೊಟ್ಟಷ್ಟೂ ಒಳ್ಳೆಯದು. ಹಾಗಾಗಿ ಜಾಸ್ತಿ ತಗೊಂಡದ್ದು ಗೊತ್ತಾದರೆ "ಈಗ ಆರಾಮಿದ್ದಾರಲ್ಲ" ಅಂತ ಮನೆಯಲ್ಲಿ ಕೂರಬೇಡಿ. ದಿನಾ ಕುಡಿಯುವ ಅಭ್ಯಾಸ ಇರುವವರು, ಲಿವರ್ ತೊಂದರೆ ಇರುವವರು, ಸರಿಯಾಗಿ ಊಟ ಮಾಡದೆ ಮಲಗಿರುವವರಿಗೆ 4000ಕ್ಕಿಂತ ಕಡಿಮೆಯಲ್ಲೇ ಅಪಾಯ ಆಗಬಹುದು.

ಈ ಮಧ್ಯೆ ಅತ್ತಿಗೆ ಮನೆಯಿಂದ ಫೋನ್ ಮಾಡಿದರು. ಮೂರು ವರ್ಷದ ಪುಟ್ಟನಿಗೂ ಕೆಮ್ಮು ಹಿಡಿದಿದೆ, ಅದೇ ಸಿರಪ್ಪಿನ ಇನ್ನೊಂದು ಅರ್ಧ ಬಾಟಲಿ ಕಪಾಟಿನಲ್ಲಿದೆ, ಅರ್ಧ ಚಮಚ ಕೊಡಲಾ ಅಂತ. ಬೇಡವೇ ಬೇಡ ಅಂದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಔಷಧಿಯನ್ನು ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು, ಅದನ್ನು ಲೇಬಲ್ ಮೇಲೆ ಬರೆಯಬೇಕು ಎಂದು ನಮ್ಮ ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಔಷಧಿ ಕೊಡಲೇಬಾರದು, ಐದರ ಒಳಗೂ ಸಾಮಾನ್ಯವಾಗಿ ಬೇಡ ಎಂದಿತು. ಅದು ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡ ಸಮಯ. ಅಲ್ಲಿ ಆದದ್ದು ಬೇರೆ, ಕಾಂಚೀಪುರಂನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಇತ್ತು. ನಾನು ಹೇಳುತ್ತಿರುವುದು ಅಂಥ ಕಲಬೆರಕೆಯ ಮಾತಲ್ಲ. ಶುದ್ಧವಾಗಿ ತಯಾರಾದ ಸಿರಪ್ಪೂ ಇಷ್ಟು ಸಣ್ಣ ಮಕ್ಕಳಿಗೆ ಉಪಯೋಗಕ್ಕಿಂತ ತೊಂದರೆ ಜಾಸ್ತಿ ಮಾಡಬಹುದು. ಪುಟ್ಟನಿಗೆ ಬೆಚ್ಚಗಿನ ನೀರು, ಮಲಗುವಾಗ ಅರ್ಧ ಚಮಚ ಜೇನು, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಸಾಕಾಯಿತು. ಉಸಿರಾಟ ಜೋರಾದರೆ, ಎದೆ ಒಳಗೆ ಸೆಳೆದುಕೊಂಡರೆ ಕೂಡಲೇ ಕರೆದುಕೊಂಡು ಬನ್ನಿ ಎಂದೂ ಹೇಳಿದ್ದೆ. ಜೇನು ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಕೊಡಬಾರದು.

ದೊಡ್ಡಮ್ಮನೂ ಅದೇ ಸಿರಪ್ ಒಂದು ಮುಚ್ಚಳ ಕುಡಿದಿದ್ದರಂತೆ, ಅವರಿಗೆ ಏನೂ ಆಗಲಿಲ್ಲ. ಆದರೆ ಮನಸ್ಸಿನ ಖಿನ್ನತೆಗೆ ಮಾತ್ರೆ ತಗೊಳ್ಳುವವರು ಡೆಕ್ಸ್ಟ್ರೊಮೆಥಾರ್ಫನ್ ಇರುವ ಸಿರಪ್ ಕುಡಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಕೆಲವು ಮಾತ್ರೆಗಳ ಜೊತೆ ಅದು ಅಪಾಯಕಾರಿ. ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ ಇರುವವರೂ ಕ್ಲೋರ್‌ಫೆನಿರಮಿನ್ ಬಗ್ಗೆ ಕೇಳಬೇಕು.

ಚಿಕಿತ್ಸೆ ದೊಡ್ಡದೇನೂ ಇರಲಿಲ್ಲ. ನಾಲ್ಕೂ ಔಷಧಿ ನಿಲ್ಲಿಸಿದರು. ಟ್ಯಾಮ್ಸುಲೋಸಿನ್ ಮತ್ತೆ ಶುರು ಮಾಡಿದರು. ಜ್ವರ ಬಂದರೆ ಮಾತ್ರ ಬರೀ ಪ್ಯಾರಾಸಿಟಮಾಲ್ 500, ಆರು ಗಂಟೆಗಿಂತ ಮೊದಲು ಇನ್ನೊಂದಿಲ್ಲ, ದಿನಕ್ಕೆ ಮೂರು ದಾಟುವ ಹಾಗಿಲ್ಲ. ಮೂತ್ರ ಕಟ್ಟಿದ್ದರಿಂದ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಏರಿತ್ತು, ಇಳಿಯಿತು. ಎರಡನೇ ದಿನ ಸಂಜೆಗೆ ಮಾತು, ನೆನಪು ಮೊದಲಿನ ಹಾಗಾಯಿತು. ಐದನೇ ದಿನ ಕ್ಯಾತಿಟರ್ ತೆಗೆದಾಗ ತಾವಾಗಿಯೇ ಹೋದರು. ಶೀತ ಅಷ್ಟರಲ್ಲಿ ತಾನಾಗಿಯೇ ವಾಸಿಯಾಗಿತ್ತು.

ಮೆಡಿಕಲ್ ಶಾಪಿನವರನ್ನು ಬೈಯೋದು ಸುಲಭ. ಅಲ್ಲಿ ಎರಡು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ, ಅದು ತಪ್ಪೇ. ಇಂಥ ಮಿಶ್ರಣಗಳ ಬಗ್ಗೆ ಸರ್ಕಾರವೂ ಸುಮ್ನೆ ಕೂತಿಲ್ಲ. 2016ರ ಮಾರ್ಚ್‌ನಲ್ಲಿ ಕೆಮ್ಮು-ಶೀತದ ಹಲವು ಮಿಶ್ರಣಗಳೂ ಸೇರಿ 344 ಬಗೆಯನ್ನು ನಿಷೇಧಿಸಿತು, ಕೋರ್ಟು, ಅಪೀಲು ಎಲ್ಲ ಆಗಿ 2018ರ ಸೆಪ್ಟೆಂಬರ್‌ನಲ್ಲಿ 328ರ ಮೇಲೆ ಮತ್ತೆ ನಿಷೇಧ ಬಂತು. ಆದರೆ ದೊಡ್ಡಪ್ಪ ತಗೊಂಡದ್ದರಲ್ಲಿ ನಿಷೇಧಿಸಿದ್ದು ಯಾವುದೂ ಇರಲಿಲ್ಲ. ಒಂದೊಂದನ್ನೇ ನೋಡಿದರೆ ಎಲ್ಲವೂ ಮಾರಬಹುದಾದ ಔಷಧಿಯೇ.

ನನ್ನನ್ನು ಚುಚ್ಚಿದ್ದು ಬೇರೆ. ದೊಡ್ಡಪ್ಪ ಕನ್ನಡ ಪೇಪರನ್ನು ಮೊದಲ ಪುಟದಿಂದ ಅಡಿಕೆ ಧಾರಣೆಯವರೆಗೆ ಒಂದಕ್ಷರ ಬಿಡದೆ ಓದುವ ಮನುಷ್ಯ. ಅವರ ಹೊಟ್ಟೆಗೆ ಹೋದ ಆ ನಾಲ್ಕೂ ಔಷಧಿಗಳ ಮೇಲೆ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಓದಲು ಬರುವವರನ್ನು ಓದಲು ಬಾರದವರನ್ನಾಗಿ ಮಾಡಿ, ಆಮೇಲೆ ಲೇಬಲ್ ನೋಡಿ ತಗೊಳ್ಳಬೇಕಿತ್ತು ಅಂದರೆ ಹೇಗೆ?

ಹಾಗಾಗಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿದೆವು. ಹಳೇ ಮದುವೆ ಕಾಗದದ ಹಿಂದೆ ಮೂರು ಹೆಸರನ್ನು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ: ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್. ಮೊದಲನೆಯದು ಎರಡು ಕಡೆ ಕಂಡರೆ ಒಂದನ್ನು ಬಿಡಬೇಕು. ಉಳಿದೆರಡು ಕಂಡರೆ ದೊಡ್ಡಪ್ಪನಿಗೆ ಬೇಡ. ಕೆಳಗೆ "ಬಿಪಿ ಇದೆ, ಪ್ರಾಸ್ಟೇಟ್ ಇದೆ" ಎಂದು ಬರೆದು ಅದರ ಫೋಟೋ ಕೆಲಸದ ಹುಡುಗನ ಮೊಬೈಲಿಗೂ ಕಳಿಸಿದೆ, ಅಂಗಡಿಯಲ್ಲಿ ತೋರಿಸಲಿ ಅಂತ. ಮಾತ್ರೆ ಕತ್ತರಿಸಿ ಕೊಟ್ಟರೆ ಕತ್ತರಿಸುವ ಮೊದಲು ಇಡೀ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ತೆಗೆದುಕೋ ಎಂದೂ ಅವನಿಗೆ ಹೇಳಿಕೊಟ್ಟೆ. ಸಿರಪ್ಪಿನ ಆ ಅರ್ಧ ಬಾಟಲಿಯನ್ನು ತೆರೆದು ಯಾವ ಕಾಲವಾಯಿತೋ ಗೊತ್ತಿರಲಿಲ್ಲ, ಬಿಸಾಡಿದೆವು.

ಫೆಬ್ರವರಿಯಲ್ಲಿ ದೊಡ್ಡಪ್ಪನಿಗೆ ಮತ್ತೆ ಶೀತ ಆಯಿತು. ಏಳನೇ ಕ್ಲಾಸಿನ ಮೊಮ್ಮಗಳು ಫೋನ್ ಮಾಡಿ, ಹುಡುಗ ಅಂಗಡಿಯಿಂದ ಕಳಿಸಿದ ಫೋಟೋ ನೋಡಿಕೊಂಡು ಒಂದೊಂದೇ ಅಕ್ಷರ ಓದಿದಳು. "ಅತ್ತೆ, ಸಿ, ಎಚ್, ಎಲ್, ಓ, ಆರ್..." ಅನ್ನುವಷ್ಟರಲ್ಲಿ ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿಸಿತು. "ಸಾಕು, ಅದು ಬೇಡ ಅಂತ ಹೇಳು. ಬರೀ ಜ್ವರದ್ದು ಕೊಟ್ರೆ ತಗೊಂಡು ಬರ್ಲಿ."